ಪಕ್ಕದ ಮನೆಯ ಕೊಳದ ಬೇಲಿ

ಸ್ವಾತಂತ್ರ್ಯ ಬಂದ ಹೊಸತು. ಬಸವನಗುಡಿಯ ನಮ್ಮ ಪಕ್ಕದ ಮನೆಯಾಕೆ, ಸೊಸೆ ಬಸುರಿ ಎಂದು ತಿಳಿದ ವಾರವೇ ಹಿತ್ತಲಿನ ಕಲ್ಲುಕೊಳದ ಸುತ್ತ ಮರದ ಬೇಲಿ ಹಾಕಿಸಿದರು.

"ಮಗು ಹುಟ್ಟೋಕ್ ಮುಂಚೆ ತೊಟ್ಟಿಲೂ ತರಬಾರ್ದು ಅಂತಾರೆ, ನೀವು ಬೇಲೀನೇ ಹಾಕಿಸ್ತಿದೀರಲ್ಲ" ಎಂದಳು ಅಮ್ಮ.

"ತೊಟ್ಟಿಲು ಆಮೇಲೆ ತರಬಹುದು ಕಣ್ರೀ. ಬೇಲಿ ತಡವಾದ್ರೆ ಆಗಲ್ಲ."

ಮರ ಹತ್ತುವುದರಲ್ಲಿ ಬೀದಿಗೆಲ್ಲ ಹೆಸರಾದ ಹುಡುಗಿ ನಾನು. ಬೇಲಿ ಮುಗಿದ ದಿನ ಆಕೆ ನನ್ನನ್ನು ಕರೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು, "ಹತ್ತು, ನೋಡೋಣ" ಎಂದರು. ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಸಲೀಸಾಗಿ ದಾಟಿದೆ. ಬೈಯಲಿಲ್ಲ, ಕೊಬ್ಬರಿ ಮಿಠಾಯಿ ಕೊಟ್ಟು, ಬಡಗಿಯನ್ನು ಕರೆಸಿ ಹೊರಗಿನಿಂದ ಕಾಲಿಡಲು ಸಿಗದಂತೆ ಅಡ್ಡಪಟ್ಟಿಗಳನ್ನೆಲ್ಲ ಕೊಳದ ಕಡೆಗೆ ಹಾಕಿಸಿದರು.

ಮತ್ತೆ, "ಹತ್ತು, ನೋಡೋಣ." ಈ ಸಲ ಪಕ್ಕದ ಒಗೆಯುವ ಕಲ್ಲಿನ ಮೇಲೆ ನಿಂತು ದಾಟಿದೆ. ಮತ್ತೊಂದು ಮಿಠಾಯಿ ಸಿಕ್ಕಿತು, ಕಲ್ಲು ದೂರ ಹೋಯಿತು. ಮುಂದಿನ ಸಲ ಜಾರಿ ಬಿದ್ದೆ. ಅವತ್ತು ಎರಡು ಮಿಠಾಯಿ ಕೊಟ್ಟರು.

ಮಳೆಗಾಲ ಮುಗಿದ ಮೇಲೆ ಒಂದೊಂದೇ ಹಲಗೆಯನ್ನು ಅಲ್ಲಾಡಿಸಿ ನೋಡಿ, ಸಡಿಲವಾದದ್ದಕ್ಕೆ ಮೊಳೆ ಹೊಡೆಸಿದರು.

ಅಂಬೆಗಾಲಿಡುವ ಮೊಮ್ಮಗಳು ಒಂದು ದಿನ ಎಲ್ಲರ ಕಣ್ಣು ತಪ್ಪಿಸಿ ನೇರ ಕೊಳದ ಕಡೆಗೇ ಹೋಗಿ, ಬೇಲಿಯ ಹಲಗೆಗಳನ್ನು ಹಿಡಿದು, ಮೊದಲ ಸಲ ಎದ್ದು ನಿಂತಳು. ಎತ್ತಿಕೊಳ್ಳಲು ಓಡಿದ ನಮ್ಮನ್ನು ಆಕೆ ಕೈ ಅಡ್ಡ ಹಿಡಿದು ತಡೆದರು. ಮಗುವಿನ ಕಡೆ ನೋಡುತ್ತಾ ಮೆಲ್ಲಗೆ, "ನಿಲ್ಲು, ನೋಡೋಣ" ಎಂದರು.