ಮಾಷ್ಟ್ರ ಗದ್ದೆ

ಅಥವಾ ಅವತ್ತು ಅವರು ಹಾಡಲೇ ಇಲ್ಲವೋ ಏನೋ. ಹಾಡಿದರು ಎಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಹೇಳಿ ಹೇಳಿ, ಈಗ ಆ ಹಾಡು ನನ್ನೊಳಗೆ ಹೋದದ್ದು ಕಿವಿಯಿಂದಲೋ ನನ್ನದೇ ಬಾಯಿಂದಲೋ ತಿಳಿಯುತ್ತಿಲ್ಲ. ತೆಕ್ಕಟ್ಟೆಯ ಬೈಲಿನಲ್ಲಿ ಹೆಂಗಸರು ಸಾಲಾಗಿ ಬಾಗಿ ಭತ್ತದ ಸಸಿ ಊರುತ್ತ ನಟ್ಟಿ ಮಾಡುತ್ತಿದ್ದರು, ನಾನು ಪ್ಯಾಂಟ್ ಮಡಚಿಕೊಂಡು ಗದ್ದೆಯಂಚಿನಲ್ಲಿ ನಿಂತಿದ್ದೆ. ಇಷ್ಟು ಖಚಿತ. ಪ್ಯಾಂಟ್ ಮಡಚಿದ್ದು ಕೂಡ ಫೋಟೋದಲ್ಲಿ ಕಂಡದ್ದರಿಂದ ಖಚಿತ.

ನಾನು ಭೂಗೋಳದ ಪ್ರಾಧ್ಯಾಪಕ. ಹಾಗೆಂದ ಕೂಡಲೇ ಜನ ಜ್ವಾಲಾಮುಖಿ, ಮರುಭೂಮಿ ಎಂದೆಲ್ಲ ಊಹಿಸಿಕೊಂಡು ಗೌರವದಿಂದ ನೋಡುತ್ತಾರೆ. ನನ್ನ ಭೂಗೋಳ ಬ್ರಹ್ಮಾವರದಲ್ಲಿ ಶುರುವಾಗಿ ಬೈಂದೂರಿನಲ್ಲಿ ಮುಗಿಯುತ್ತದೆ. ಈ ಕರಾವಳಿ ಪಟ್ಟಿಯಲ್ಲಿ ಯಾವ ಗದ್ದೆ ಉಳುವವರಿಲ್ಲದೆ ಹಡಿಲು ಬಿತ್ತು, ಯಾವುದಕ್ಕೆ ಮಣ್ಣು ತುಂಬಿ ಸೈಟು ಮಾಡಿದರು, ಹಳೆಯ ಬೇಸಾಯದಲ್ಲಿ ಏನು ಉಳಿಯಿತು ಎಂದು ನೋಡುತ್ತ ಸಂಬಳ ತಿಂದವನು. ಬೇರೆಯವರು ಬಾಗಿದ್ದನ್ನು ನೆಟ್ಟಗೆ ನಿಂತು ನೋಡುವುದೂ ಒಂದು ಉದ್ಯೋಗವೇ.

ತೆಕ್ಕಟ್ಟೆಯ ಆ ಗದ್ದೆ ಗಿರಿಜಕ್ಕನದ್ದು. ಬೇಸಾಯ ನೋಡಿಕೊಳ್ಳುವವನು ಅವರ ತಮ್ಮ ರಘು. ಪ್ರತಿ ಮಳೆಗಾಲ ಅಲ್ಲಿಗೆ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತೇನೆ. ಸುತ್ತಲಿನ ಬೈಲಿಗೆಲ್ಲ ನಟ್ಟಿಯ ಮಿಷಿನ್ ಬಂದು ವರ್ಷಗಳಾದವು. ಇವರೂ ಉಳಿದ ಗದ್ದೆಗಳಿಗೆ ಮಿಷಿನ್ನನ್ನೇ ಇಳಿಸುತ್ತಾರೆ. ರಸ್ತೆ ಬದಿಯ ಒಂದು ಗದ್ದೆಗೆ ಮಾತ್ರ ಕೈನಟ್ಟಿ. ಯಾಕೆ ಎಂದು ಕೇಳಬಹುದಿತ್ತು. ಕೇಳುವ ಬದಲು ಯೋಚಿಸಿದೆ. ಓದಿದವರ ಚಟ ಅದು. ದೈವದ ಹೆಸರಿನಲ್ಲಿ ಒಂದು ಗದ್ದೆಯನ್ನಾದರೂ ಹಳೆಯ ಕ್ರಮದಲ್ಲಿ ನಡೆಸಿಕೊಂಡು ಬರುವ ನಂಬಿಕೆ ಇರಬೇಕೆಂದು ತೀರ್ಮಾನಿಸಿ ಲೇಖನ ಬರೆದೆ. ಅದನ್ನು ಓದಿದ ಇನ್ನೊಬ್ಬರು ತಮ್ಮ ಲೇಖನದಲ್ಲೂ ಹಾಗೆಯೇ ಬರೆದರು. ಅವರದ್ದನ್ನು ಓದಿ ನನ್ನ ಅನುಮಾನವೂ ಹೋಯಿತು.

ಈ ಸಲ ನಮ್ಮ ಬಸ್ಸು ಹೋಗಲು ಇನ್ನೂ ಕೆಲವು ದಿನ ಇತ್ತು. ಬೈಂದೂರಿನಲ್ಲಿ ಊರಿನ ಪರಂಪರೆಯ ಬಗ್ಗೆ ಭಾಷಣವಿತ್ತು. ತೆಕ್ಕಟ್ಟೆಯ ಗದ್ದೆಯ ಉದಾಹರಣೆ ಕೊಟ್ಟೆ, ಚಪ್ಪಾಳೆ ಬಿತ್ತು, ಶಾಲು ಹೊದೆಸಿದರು. ವಾಪಸು ಬರುವಾಗ ಕುಂದಾಪುರ ದಾಟಿದ ಮೇಲೆ, ಆ ಶಾಲಿನ ಬಿಸಿಯಲ್ಲೇ, ಗದ್ದೆಯನ್ನೊಮ್ಮೆ ನೋಡೋಣವೆಂದು ಕಾರು ನಿಲ್ಲಿಸಿದೆ. ಸುತ್ತಲೂ ಮಿಷಿನ್ ನಟ್ಟ ಸಾಲುಗಳು ಹಸಿರಾಗಿ ಬೇರು ಹಿಡಿದಿದ್ದವು. ಅದೊಂದು ಗದ್ದೆ ಮಾತ್ರ ಉತ್ತು ಹದ ಮಾಡಿ ಖಾಲಿ ಬಿದ್ದಿತ್ತು. ಮೂಲೆಯಲ್ಲಿ ಅದಕ್ಕೆಂದೇ ಬೆಳೆಸಿದ ನೇಜಿಯ ಸಸಿ ಉದ್ದವಾಗಿ, ಕಾದು ಕಾದು ಸುಸ್ತಾದ ಹಾಗೆ ವಾಲಿಕೊಂಡಿತ್ತು. ತೋಡಿನ ನೀರಿನಲ್ಲಿ ಮಿಷಿನ್ ತೊಳೆಯುತ್ತಿದ್ದ ಡ್ರೈವರನಿಗೆ ನನ್ನ ಪರಿಚಯವಿರಲಿಲ್ಲ.

"ಇದೊಂದ್ ಗದ್ದಿ ಎಂತಕೆ ಬಿಟ್ರಿ?" ಎಂದೆ.

"ಅದಕ್ಕೆ ಮಿಷಿನ್ ಇಳ್ಸುಕಾಗ. ಅದ್ ಮಾಷ್ಟ್ರ ಗದ್ದಿ ಅಂಬ್ರ್."

"ಯಾವ ಮಾಷ್ಟ್ರ್?"

"ಯಾರೋ ಕಾಲೇಜಿನವ್ರ್ ಮರ್ರೆ. ವರ್ಷ ವರ್ಷ ಬಸ್ಸಂಗೆ ಮಕ್ಳನ್ ಕರ್ಕ ಬತ್ರ್ ಅಂಬ್ರ್. ಅವ್ರಿಗ್ ಕೈನಟ್ಟಿ ಕಣ್ಣಾರೆ ಕಾಂಬು ಆಸಿ. ಅವ್ರ್ ಬಪ್ಪು ತನ್ಕ ಹಂಗೇ ಇಡುದ್."

ನಾನು ಲೇಖನದಲ್ಲಿ ಬರೆದ ದೈವ ನಾನೇ ಆಗಿದ್ದೆ.

ಅಷ್ಟರಲ್ಲಿ ಅಂಗಳದಿಂದ ಗಿರಿಜಕ್ಕ ಕೂಗಿದರು. "ಹ್ವಾಯ್ ಮಾಷ್ಟ್ರೇ! ಹೇಳ್ದೆ ಕೇಳ್ದೆ ಬಂದ್ರಿ? ಒಂದ್ ಫೋನ್ ಮಾಡುಕಾತಿಲ್ಯಾ?" ಡ್ರೈವರ್ ನನ್ನನ್ನೊಮ್ಮೆ ನೋಡಿ ಮಿಷಿನ್ನನ್ನು ಇನ್ನಷ್ಟು ಜೋರಾಗಿ ತಿಕ್ಕತೊಡಗಿದ. ಗಿರಿಜಕ್ಕ ಕುಂಟುತ್ತ ಬಂದರು. ಅವರು ಕುಂಟುವುದನ್ನು ನಾನು ಕಂಡದ್ದು ಅವತ್ತೇ ಮೊದಲು. ನಾನು ಬರುವ ದಿನಗಳಲ್ಲಿ ಅವರು ಗದ್ದೆಯಲ್ಲೇ ನಿಂತಿರುತ್ತಿದ್ದರು. "ಮೊಣ್ಕಾಲ್ ನೋವಿಗೆ ಬಾಗುಕಾಗ ಅಂದೀರ್ ಡಾಕ್ಟ್ರ್. ಕೇಂತಾಳಾ ಇವ್ಳ್?" ಎಂದು ಹಿಂದಿನಿಂದ ರಘು ದೂರಿದ.

ನೆಂಟ ಒಂದು ಮನೆಯ ಬಗ್ಗೆ ಪುಸ್ತಕ ಬರೆದರೆ ಹೇಗಿರಬಹುದು? ಈ ಮನೆಯವರು ದಿನವೂ ಕೋಳಿ ಸಾರು, ರೊಟ್ಟಿ ತಿನ್ನುತ್ತಾರೆ. ಗಂಡ ಹೆಂಡತಿ ಜಗಳವಾಡುವುದಿಲ್ಲ. ಮಕ್ಕಳು ಕರೆಯುವ ಮುಂಚೆಯೇ ಬಂದು ನಮಸ್ಕಾರ ಮಾಡುತ್ತವೆ. ಸುಳ್ಳು ಒಂದೂ ಇಲ್ಲ, ಎಲ್ಲ ಕಣ್ಣಾರೆ ಕಂಡದ್ದು. ನನ್ನ ಅಧ್ಯಯನವೆಲ್ಲ ಹೀಗೆ ಬಡಿಸಿದ ಎಲೆಯ ಮುಂದೆ ಕುಳಿತು ಮಾಡಿದ್ದೋ ಎಂದು ಅನುಮಾನವಾಗಿ ಗಿರಿಜಕ್ಕನ ಹತ್ತಿರ ಹಾಡಿನ ವಿಷಯವನ್ನೂ ಕೇಳಿದೆ. ಮೊದಲ ವರ್ಷ ಹಾಡಿದಿರಲ್ಲ?

"ನೀವೇ ಅಲ್ದಾ ಹಾಡಿ ಹಾಡಿ ಅಂದದ್? ನಮ್ಗೆಂತ ನಟ್ಟಿ ಹಾಡ್ ಬತ್ತಿಲ್ಲೆ. ಮಗಿನ್ ತೊಟ್ಲ್ ಹಾಡ್ ಒಂದ್ ಹೇಳಿದ್ದ್."

ಆ ಹಾಡಿನ ಲಯ ಸೊಂಟ ಬಾಗುವ ಗತಿಗೆ ಹೇಗೆ ಹೊಂದುತ್ತದೆ ಎಂದು ನಾನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದೇನೆ. ಆದರೆ ಗಿರಿಜಕ್ಕನ ನೆನಪಾದರೂ ಸರಿಯೆಂದು ಹೇಗೆ ನಂಬಲಿ? ತೊಟ್ಟಿಲ ಹಾಡು ಹೇಳಿದ್ದು ಅದರ ಮುಂದಿನ ವರ್ಷವೆಂದು ರಘು ತಕರಾರು ತೆಗೆದ. "ಕೈನಟ್ಟಿ ಇನ್ನ್ ನನ್ಗೋಸ್ಕರ ಬ್ಯಾಡ ಗಿರಿಜಕ್ಕ" ಎಂದೆ. ಅವರ ಮುಖ ಸಣ್ಣದಾಯಿತು.

"ಹಂಗಾರ್ ಮಕ್ಳನ್ ಕರ್ಕ ಬತ್ತಿಲ್ಯಾ? ಮಿಷಿನ್ ಕಾಂಬುಕೆ ಯಾರ್ ಬಸ್ ಮಾಡ್ಕಂಡ್ ಬತ್ರ್? ಅವತ್ತೊಂದಿನ ತಲ್ಲೂರಿಂದ ನಾದ್ನಿಯರೆಲ್ಲ ಬತ್ರ್, ಗದ್ದಿಯಂಗೆ ನಾಕ್ ಜನ ಇರ್ತ್ರ್. ಬನ್ನಿ ಸುಮ್ನೆ."

ಹೋದೆ. ಬಸ್ಸಿನಲ್ಲಿ ಕೂತು, ಈ ಸಲ ಮಕ್ಕಳಿಗೆ ನಿಜ ಹೇಳಿಬಿಡುತ್ತೇನೆ, ಅದಕ್ಕಿಂತ ದೊಡ್ಡ ಪಾಠ ಇನ್ನೇನಿದೆ ಎಂದು ವಾಕ್ಯಗಳನ್ನೂ ಜೋಡಿಸಿಕೊಂಡೆ. ಗದ್ದೆಯಂಚಿನಲ್ಲಿ ಒಬ್ಬಳು ಹುಡುಗಿ ಎಲ್ಲರಿಗೂ ಕೇಳುವ ಹಾಗೆ, "ಸರ್, ಇದೊಂದೇ ಗದ್ದೆಗೆ ಯಾಕೆ ಮಿಷಿನ್ ಇಲ್ಲ?" ಎಂದಳು. ಎಷ್ಟೋ ವರ್ಷದಿಂದ ನಾನು ಕೇಳದೆ ಬಿಟ್ಟ ಪ್ರಶ್ನೆ. ಬಾಯಿ ತೆರೆದೆ. ಜೋಡಿಸಿಟ್ಟ ವಾಕ್ಯಗಳನ್ನು ಬಿಟ್ಟು ಗಿರಿಜಕ್ಕನ ಕಡೆ ನೋಡಿದೆ.

ಗಿರಿಜಕ್ಕ ಕೆಸರಿನಿಂದ ತಲೆಯೆತ್ತಿ ನನ್ನ ಮುಖ ನೋಡಿದರು.

"ಮಗಾ, ಇಲ್ಲಿ ಕೆಸ್ರ್ ಜಾಸ್ತಿ. ಮಿಷಿನ್ ಹೂತ್ ಹೋತ್ತ್" ಎಂದು ಅವಳಿಗೆ ಹೇಳಿ ಮತ್ತೆ ಬಾಗಿದರು.

ಕೆಸರು ಅವರ ಮೊಣಕಾಲಿನ ಅರ್ಧಕ್ಕೂ ಬಂದಿರಲಿಲ್ಲ. ಮಕ್ಕಳು ಬರೆದುಕೊಂಡರು. "ಸರಿಯಾ ಸರ್?" ಎಂದು ಹುಡುಗಿ ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆಯಾಡಿಸಿದೆ.

ಮೊದಲ ವರ್ಷವಾದರೂ ಅವರು ತಮಗೋಸ್ಕರವೇ ನಟ್ಟಿರಬೇಕು. ಈ ವರ್ಷ ನಟ್ಟದ್ದು ನನಗೋಸ್ಕರ, ಅಥವಾ ನಾದಿನಿಯರು ಬರಲೆಂದು, ಅಥವಾ ಎರಡೂ. ನಡುವೆ ಯಾವುದೋ ಒಂದು ಮಳೆಗಾಲದಲ್ಲಿ ಅದು ಬದಲಾಯಿತು. ಆಗಲೂ ನಾನು ಅಲ್ಲೇ, ಅದೇ ಅಂಚಿನಲ್ಲಿ, ಬದಲಾವಣೆಯನ್ನು ಗಮನಿಸುತ್ತ ನಿಂತಿದ್ದೆ. ಅದು ಯಾವ ವರ್ಷ ಎಂದು ನನಗೆ ಗೊತ್ತಿಲ್ಲ.