ಎಲುಬಣ್ಣ ಕರೆದಾಗ

ಮಾಂಸದಂಗಡಿಯಲ್ಲಿ ಕತ್ತಿ ಹಿಡಿದು ನಿಲ್ಲುತ್ತಿದ್ದ ಅವನಿಗೆ ಎಲುಬಣ್ಣ ಅನ್ನೋ ಹೆಸರು ಅಂಟಿದ್ದು ಪ್ರಾಣಿ ರಕ್ಷಣಾ ಕೇಂದ್ರದಲ್ಲಿ. ವ್ಯಾಪಾರ ಮುಗಿದ ಮೇಲೆ ಎಲುಬು ಕುದಿಸಿ ರಸ ಇಳಿಸಿ, ಅದಕ್ಕೆ ಮಾಂಸದ ಚೂರುಪಾರು ಕಲಸಿ, ಡಬ್ಬಿಗಳನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಅಲ್ಲಿನ ನಾಯಿಗಳಿಗೆ ಉಣಿಸಲು ಹೊರಡುತ್ತಿದ್ದ. ವರ್ಷಗಟ್ಟಲೆ ಇದೇ ಪರಿಪಾಠ.

"ಕಟ್ಟಿಕೊಂಡವಳಿಗೆ ಇಷ್ಟು ಉಪಚಾರ ಇಲ್ಲ. ನಾನೂ ನಾಲ್ಕು ಕಾಲಲ್ಲಿ ಹುಟ್ಟಬೇಕಿತ್ತು" ಎಂದು ಹೆಂಡತಿ ಗೊಣಗುವಳು.

"ಮೂರಿದ್ರೂ ಸಾಕು ಕಣೇ" ಅನ್ನುವನು.

ಅವರ ಮನೆಯಲ್ಲಿದ್ದ ಹೆಣ್ಣುನಾಯಿಗೆ ಇದ್ದದ್ದು ಮೂರೇ ಕಾಲು. ಲಾರಿಗೆ ಸಿಕ್ಕಿ ಕೇಂದ್ರ ಸೇರಿದ್ದ ಅದನ್ನು ಯಾರೂ ಒಯ್ಯದಿದ್ದಾಗ ಇವನೇ ಎತ್ತಿಕೊಂಡು ಬಂದು ಮುಕ್ಕಾಲಿ ಎಂದು ಹೆಸರಿಟ್ಟಿದ್ದ. ಗೊಣಗುತ್ತಿದ್ದ ಹೆಂಡತಿಯೇ ಈಗ ಅದನ್ನು ತನ್ನ ಕಂಬಳಿಯಲ್ಲಿ ಮಲಗಿಸಿಕೊಳ್ಳುತ್ತಿದ್ದಳು.

ಕೇಂದ್ರಕ್ಕೆ ಹೊಸ ಮೇಲ್ವಿಚಾರಕಿ ಬಂದಳು. ಅವಳು ದಾನಿಗಳಿಗೆ ಕೇಂದ್ರ ತೋರಿಸುತ್ತಿದ್ದ ದಿನವೇ ಇವನು ರಕ್ತದ ಕಲೆಯ ಏಪ್ರನ್ನಲ್ಲಿ ಒಳಗೆ ಬಂದುಬಿಟ್ಟ. ದಾನಿಯೊಬ್ಬರು ಮೂಗು ಮುಚ್ಚಿಕೊಂಡರು. ಮಾರನೇ ದಿನ ಅವಳು ಗೇಟಿನಲ್ಲೇ ತಡೆದಳು.

"ಕೊಲ್ಲೋ ಕೈಯಿಂದ ನಮ್ಮ ಪ್ರಾಣಿಗಳಿಗೆ ಊಟ ಬೇಡ."

ಅವನ ಕಣ್ಣೆದುರೇ ಡಬ್ಬಿ ಬೋರಲು ಹಾಕಿಸಿ ಮೇಲೆ ಫಿನೈಲ್ ಸುರಿಸಿದಳು. ಒಳಗೆ ನಾಯಿಗಳು ಜಾಲರಿಗೆ ಮೈ ಒತ್ತಿ ಕುಂಯ್‌ಗುಟ್ಟುತ್ತಿದ್ದವು. ಅವನಿಗೆ ಮೈಯೆಲ್ಲಾ ಉರಿದುಹೋಯಿತು.

"ನನ್ನ ಮನೇಲೂ ಇಲ್ಲಿಂದ ತಂದ ನಾಯಿ ಇದೆಯಮ್ಮ! ಹೇಗೆ ಸಾಕಿದೀನಿ ಅಂತ ಬಂದು ನೋಡಿ, ಆಮೇಲೆ ಮಾತಾಡಿ!"

ಅವಳು ಬಂದಳು. ಹಿಂದೆ ವ್ಯಾನೂ ಬಂತು.

"ಕಟುಕನ ಮನೇಲಿ ಪ್ರಾಣಿ ಬಿಡೋಕೆ ಆಗಲ್ಲ. ಕೇಂದ್ರದ ನಾಯಿ, ಕೇಂದ್ರಕ್ಕೇ ಸೇರಬೇಕು."

ಮುಕ್ಕಾಲಿ ಮಂಚದಡಿ ಹೋಗಿ ಗೋಡೆಗೆ ಅಂಟಿಕೊಂಡಿತು. ವ್ಯಾನಿನವನು ಕೋಲಿನ ತುದಿಯ ತಂತಿಕುಣಿಕೆ ಒಳಗೆ ತೂರಿಸಿದ. ತಂತಿ ಎರಡು ಸಲ ಗೀರಿ ನಾಯಿ ಚೀರಿತು.

"ನೀವೇ ಕರೀರಿ, ಇಲ್ಲಾಂದ್ರೆ ಅದಕ್ಕೇ ಗಾಯ ಆಗೋದು" ಎಂದಳು ಮೇಲ್ವಿಚಾರಕಿ, ತೀರಾ ಮೃದುವಾಗಿ.

"ಕರೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದಳು ಹೆಂಡತಿ.

ಕೋಲು ಮತ್ತೆ ಒಳಗೆ ಹೋಯಿತು. ಎಲುಬಣ್ಣ ನೆಲಕ್ಕೆ ಕುಕ್ಕರಿಸಿ, "ಬಾ ಪುಟ್ಟಿ" ಅಂದ. ಮುಕ್ಕಾಲಿ ಬಾಲ ಅಲ್ಲಾಡಿಸುತ್ತಾ ಕುಂಟಿಕೊಂಡು ಬಂದು ಅವನ ಅಂಗೈ ನೆಕ್ಕಿತು. ಕುಣಿಕೆ ಬಿತ್ತು.

ಒಂದು ದಿನ ಕೇಂದ್ರದ ಕಸ ಗುಡಿಸುವ ಹೆಂಗಸು ಅಂಗಡಿಗೆ ಬಂದು, ತೂಕದ ತಟ್ಟೆ ನೋಡುತ್ತಾ ಹೇಳಿದಳು. "ನಿನ್ನ ನಾಯಿ ಬಂದಾಗಿಂದ ಏನೂ ಮುಟ್ಟಲಿಲ್ಲ ಕಣಣ್ಣ. ಗೇಟಿನ ಕಡೆ ಮುಖ ಮಾಡ್ಕೊಂಡೇ ಪ್ರಾಣ ಬಿಡ್ತು."

ಅಷ್ಟು ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಕೇಂದ್ರದ ದೇಣಿಗೆ ಬ್ಯಾನರ್ ಎದ್ದಿತ್ತು. ಅದರಲ್ಲಿ ಮುಕ್ಕಾಲಿಯ ಚಿತ್ರ, ಕೆಳಗೆ "ಕಟುಕನ ಕೈಯಿಂದ ಪಾರಾದ ಜೀವ." ಗಿರಾಕಿಗಳು ಮಾಂಸ ಕಟ್ಟಿಸಿಕೊಳ್ಳುತ್ತಲೇ, "ನಿನ್ನಿಂದ ಒಂದಾದ್ರೂ ತಪ್ಪಿಸಿಕೊಳ್ತಲ್ಲಯ್ಯ" ಎಂದು ನಗುತ್ತಿದ್ದರು.

ಎಲುಬು ಕುದಿಸುವುದು ನಿಂತಿತು. ಅಂಗಡಿಯ ಹಿಂಬಾಗಿಲಿಗೆ ವಾಸನೆ ಹಿಡಿದು ಬಂದ ಮರಿಯೊಂದು ಅವನ ಕಾಲು ಮೂಸಿದಾಗ ಜಾಡಿಸಿ ಒದ್ದ. ಅದು ಚರಂಡಿಯಾಚೆ ಹೋಗಿ ಬಿತ್ತು.

ಬುತ್ತಿ ತಂದಿದ್ದ ಹೆಂಡತಿ ಬೆಚ್ಚಿಬಿದ್ದಳು. "ಪಾಪ, ಅದೇನು ಮಾಡಿತ್ತು?"

"ಏನೂ ಮಾಡಿರಲಿಲ್ಲ" ಎಂದು ಅವನು ಬಾಗಿಲೆಳೆದುಕೊಂಡ.