ಗಾಳಿ ಇಲ್ಲವೆಂಬ ಠರಾವು

ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮ ತಾರಸಿಯ ಗಾಳಿಯಂತ್ರವನ್ನು ಇಳಿಸುತ್ತಾರೆ. ಕಾರಣ? ವಡೋದರದ ನಮ್ಮ ಮಂಜಲ್‌ಪುರದಲ್ಲಿ ಗಾಳಿಯೇ ಇಲ್ಲವಂತೆ!

ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಹಾಗೆಂದು ಠರಾವಾಗಿದೆ. ಯಂತ್ರ ದೊಡ್ಡದೇನಲ್ಲ. ಬ್ಯಾಟರಿ ತುಂಬಿಸಿ, ಕರೆಂಟು ಹೋದಾಗ ಮೆಟ್ಟಿಲಿನ ನಾಲ್ಕು ದೀಪ ಉರಿಸುತ್ತಿತ್ತು, ಅಷ್ಟೆ. ಆದರೆ ಮೊಣಕಾಲು ನೋವಿನ ನನ್ನಾಕೆ ಮೂರನೆಯ ಮಹಡಿಗೆ ಹತ್ತುವುದು ಆ ಬೆಳಕಿನಲ್ಲೇ. (ಲಿಫ್ಟ್ ಇಲ್ಲದ ಕಟ್ಟಡ ನಮ್ಮದು.)

ಉತ್ತರಾಯಣದ (ನಮ್ಮ ಸಂಕ್ರಾಂತಿಗೆ ಇಲ್ಲಿನ ಹೆಸರು) ಮರುದಿನದಿಂದ ಯಂತ್ರ ತಿರುಗಲಿಲ್ಲ. ಎಂಜಿನಿಯರ್ ಬಂದರು, ಕೆಳಗಿನಿಂದಲೇ ತಲೆಯೆತ್ತಿ ನೋಡಿದರು, ‘ಗಾಳಿಯ ವೇಗ ಸಾಲದು’ ಎಂದು ಬರೆದುಕೊಟ್ಟರು. ಸಭೆ ತಲೆದೂಗಿತು.

ನಾನು ತಲೆದೂಗಲಿಲ್ಲ. ಹತ್ತನೆಯ ತರಗತಿ ದಾಟದವನು ನಾನು. ಮೋಟಾರುಗಳನ್ನು ಬಿಚ್ಚಿ ಜೋಡಿಸಿಯೇ ಅವುಗಳ ವಿದ್ಯೆ ಕಲಿತವನು. ಉತ್ತರಾಯಣದಂದು ಇದೇ ತಾರಸಿಯಿಂದ ಇಡೀ ಸೊಸೈಟಿ ಸಂಜೆಯವರೆಗೆ ಗಾಳಿಪಟ ಹಾರಿಸಿತ್ತು. ಅವೆಲ್ಲ ಏರಿದ್ದು ಯಾವುದರ ಮೇಲೆ? ಸಭೆಯ ಬಹುಮತದ ಮೇಲೆಯೇ?

ಇವತ್ತು ಏಣಿ ಹಾಕಿ ಹತ್ತಿದೆ. ರೆಕ್ಕೆಗಳ ಬುಡದಲ್ಲಿ ಗಾಳಿಪಟದ ಮಾಂಜಾ ದಾರ ಉಂಡೆಗಟ್ಟಿ ಬಿಗಿದುಕೊಂಡಿತ್ತು! ಕತ್ತರಿ ಹಿಡಿದು ಕೂತೆ.

“ಆ ದಾರಕ್ಕೆ ಗಾಜಿನ ಪುಡಿ ಹಚ್ಚಿರ್ತಾರೆ, ಕೈ ಕುಯ್ಯತ್ತೆ ಅಂದ್ರೆ ಕೇಳ್ತೀರಾ ನೀವು?” ಏಣಿ ಹಿಡಿದಿದ್ದ ನನ್ನಾಕೆ ಗದರಿದಳು. “ನಾನು ಟಾರ್ಚ್ ಹಿಡ್ಕೊಂಡೇ ಹತ್ತಿದ್ರಾಯ್ತು.”

“ಒಂದು ಕೈಲಿ ಕಂಬಿ, ಒಂದು ಕೈಲಿ ತರಕಾರಿ ಚೀಲ. ಟಾರ್ಚ್ ಯಾವ ಕೈಲಿ ಹಿಡೀತೀಯೆ?”

ಕೊನೆಯ ಎಳೆ ಬಿಟ್ಟಿತು. ರೆಕ್ಕೆಗಳು ತಿರುಗಿದವು!

ಸೆಕ್ರೆಟರಿ ಮಹೇಶಭಾಯಿಯನ್ನು ಮೇಲಕ್ಕೆ ಕರೆತಂದೆ. ಬಂದರು, ಕೈಯಲ್ಲಿ ಎಂಜಿನಿಯರರ ವರದಿ.

“ಅರೇ ಕಾಕಾ, ಠರಾವ್ ಥಈ ಗಯೋ! ಆಗಿಹೋದ ಮೇಲೆ ನೀವು ತಿರುಗಿಸಿ ತೋರಿಸಿದರೆ ಹೇಗೆ?”

“ತಿರುಗಿಸಿದ್ದು ನಾನಲ್ಲ ಭಾಯಿ, ಗಾಳಿ.”

“ಇಲ್ಲ ಅಂತ ಸಾಹೇಬರು ಬರೆದಿದ್ದಾರಲ್ಲ, ನೋಡಿ...”

ವೇದಿಕೆಯ ಮೇಲೆ ನಿಂತರೆ ನಾವೆಲ್ಲರೂ ಗಾಳಿ, ಬಿಸಿಲುಗಳೇ ಮುಂದಿನ ಇಂಧನ ಎನ್ನುತ್ತೇವೆ. ಏಣಿ ಹತ್ತಿ ನೋಡುವವರು ಮಾತ್ರ ಯಾರೂ ಇಲ್ಲ.

ವರದಿ ನೋಡಲು ನಾನು ಕೈಚಾಚುವಷ್ಟರಲ್ಲಿ ಹಾಳೆ ಅವರ ಕೈತಪ್ಪಿ ಹಾರಿತು. ಮಹೇಶಭಾಯಿ ನೀರಿನ ಟ್ಯಾಂಕಿನವರೆಗೂ ಓಡಿ, ಕಾಲಿನಿಂದ ಅದುಮಿ ಹಿಡಿದರು. ಧೂಳು ಕೊಡವಿದರು. ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು.

“ನಾಳೆ ಹತ್ತಕ್ಕೇ ಬರ್ತಾರೆ, ಕಾಕಾ.”

ಇಲ್ಲದ ಗಾಳಿಗೆ ಆ ವರದಿ ಹಾರಿದ್ದಾದರೂ ಹೇಗೆ ಎಂದು ನಾನು ಯಾವ ಸಭೆಯಲ್ಲಿ ಕೇಳಲಿ?